ಹಳ್ಳದಾಚೆಯ ಊರಿಗೆ ದಾರಿ ಕೇಳುವ ಕ್ರಮ

ಮಲೆನಾಡಿನಲ್ಲಿ ಊರೆಂದರೆ ಗದ್ದೆಯ ಅಂಚಿಗೆ ಎರಡು ಮನೆ, ಹಳ್ಳ ದಾಟಿದರೆ ತೋಟದ ತಲೆಯಲ್ಲಿ ಮೂರು ಮನೆ, ಗುಡ್ಡ ಹತ್ತಿ ಇಳಿದರೆ ಮತ್ತೆ ನಾಲ್ಕು ಮನೆ. ಹೀಗೆ ಚದುರಿದ ಮನೆಗಳ ಗುಂಪಿಗೆ ಮಜರೆ ಎನ್ನುತ್ತಾರೆ. ಅಂಥ ಹಲವು ಮಜರೆಗಳು ಕೂಡಿ ಕಾಗದದ ಮೇಲೆ ಒಂದು ಕಂದಾಯ ಗ್ರಾಮವಾಗುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದುಕೊಂಡಿತೆಂದರೆ ಕಂದಾಯ ಗ್ರಾಮಕ್ಕೆ ಬಸ್ಸು ಬರುತ್ತಲೇ ಇರುತ್ತದೆ, ಮಜರೆಗೆ ಮಾತ್ರ ಅಕ್ಕಿ, ಔಷಧಿ, ಗ್ಯಾಸ್ ಸಿಲಿಂಡರ್ ಎಲ್ಲವೂ ತಲೆಹೊರೆಯಲ್ಲೇ ಬರಬೇಕು. ಗ್ರಾಮಕ್ಕೆ ರಸ್ತೆ ಇದೆ ಎಂದು ಸರ್ಕಾರದ ದಾಖಲೆ ಹೇಳುವುದೂ ಊರಿಗೆ ರಸ್ತೆ ಇಲ್ಲ ಎಂದು ಜನ ಹೇಳುವುದೂ ಒಟ್ಟಿಗೇ ನಿಜವಾಗಿರುವುದು ಹೀಗೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೆಲವು ಮಜರೆಗಳ ಜನರೊಂದಿಗೆ ಕುಳಿತು ಅರ್ಜಿ ಬರೆಯುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಒಂದು ಊರಿನ ಹಿರಿಯರು ತಮ್ಮ ಹಳೆಯ ಅರ್ಜಿಗಳ ಕಟ್ಟನ್ನು ಗೊಬ್ಬರದ ಚೀಲದಿಂದ ಬಿಚ್ಚಿ ಜಗುಲಿಯ ಮೇಲೆ ಹರಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹದಿನಾಲ್ಕು ಅರ್ಜಿಗಳಿದ್ದವು. ಎಲ್ಲದರಲ್ಲೂ ‘ರಸ್ತೆಯಿಲ್ಲದೆ ತುಂಬಾ ತೊಂದರೆಯಾಗಿದೆ, ದಯಮಾಡಿ ರಸ್ತೆ ಮಾಡಿಸಿಕೊಡಬೇಕು’ ಎಂಬ ಒಂದೇ ಒಕ್ಕಣೆ, ಕೆಳಗೆ ಸಹಿಗಳು, ಹೆಬ್ಬೆಟ್ಟಿನ ಗುರುತುಗಳು. ಒಂದರಲ್ಲೂ ಸರ್ವೆ ನಂಬರ್ ಇರಲಿಲ್ಲ, ಮನೆಗಳ ಲೆಕ್ಕ ಇರಲಿಲ್ಲ. ಕಚೇರಿಯ ಸ್ವೀಕೃತಿ ಮೊಹರು ಇದ್ದದ್ದು ಎರಡಕ್ಕೆ ಮಾತ್ರ. ಆ ಅರ್ಜಿಗಳನ್ನು ಯಾರೂ ತಿರಸ್ಕರಿಸಿರಲಿಲ್ಲ. ನೆಲ ಯಾರದು, ಜನ ಎಷ್ಟು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಗದೆ ಅವು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗಿ ಅಲ್ಲೇ ನಿಂತಿದ್ದವು. ಈ ಉತ್ತರಗಳನ್ನು ಊರಿನವರೇ ಸಿದ್ಧಮಾಡಿಕೊಂಡು ಹೋದರೆ ಕಡತ ಮುಂದೆ ಸಾಗುತ್ತದೆ ಎಂಬುದೇ ನಾನು ಕಂಡುಕೊಂಡದ್ದು. ಆ ಸಿದ್ಧತೆಯ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನ ಮಾತು ದಾರಿ ಮತ್ತು ಕಾಲುಸಂಕದ (ಹಳ್ಳವನ್ನು ನಡೆದು ದಾಟುವ ಸಣ್ಣ ಸೇತುವೆ) ಬಗ್ಗೆಯೇ ಇದೆ. ದಾರಿಯಾದ ಊರಿಗೆ ಕರೆಂಟು ಕಂಬ, ಆಂಬುಲೆನ್ಸ್, ಶಾಲೆಯ ವಾಹನ ತರಿಸುವುದು ಅರ್ಧ ಸುಲಭವಾಗುತ್ತದೆ.

ಮೊದಲು ಜನರ ಲೆಕ್ಕ

ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ 2000ದ ಡಿಸೆಂಬರ್ 25ರಂದು ಆರಂಭವಾದಾಗಿನಿಂದಲೂ ಅದರ ಅಳತೆಗೋಲು ಜನಸಂಖ್ಯೆ. ಬಯಲು ಪ್ರದೇಶದಲ್ಲಿ 500 ಜನರಿರುವ ವಸತಿ ನೆಲೆಗೆ, ಗುಡ್ಡಗಾಡು ರಾಜ್ಯಗಳಲ್ಲಿ 250 ಜನರಿರುವ ನೆಲೆಗೆ ರಸ್ತೆ. 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಪಡೆದ ನಾಲ್ಕನೇ ಹಂತದಲ್ಲೂ ಈ ಗೆರೆ ಹಾಗೆಯೇ ಉಳಿದಿದೆ, ಲೆಕ್ಕಕ್ಕೆ ಹಿಡಿಯುವುದು 2011ರ ಜನಗಣತಿಯನ್ನು. ಗುಡ್ಡಗಾಡು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳೆಂದರೆ ಈಶಾನ್ಯದ ರಾಜ್ಯಗಳು, ಹಿಮಾಚಲ ಪ್ರದೇಶ, ಉತ್ತರಾಖಂಡ, ಜಮ್ಮು ಮತ್ತು ಕಾಶ್ಮೀರ ಮುಂತಾದವು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಸುತ್ತಲಿನ ಊರುಗಳು ಆ ಪಟ್ಟಿಯಲ್ಲಿಲ್ಲ. ನಮ್ಮ ಘಟ್ಟದ ಮಜರೆಗಳು ದೇಶದ ಲೆಕ್ಕದಲ್ಲಿ ಬಯಲಿನ ಊರುಗಳಂತೆ ತೂಗಲ್ಪಡುತ್ತಿರುವುದು ಅನ್ಯಾಯವೆಂದು ನಾನು ತಿಳಿದಿದ್ದೇನೆ. ಆದರೆ ಅದು ಸರಿಹೋಗುವವರೆಗೆ ಕಾಯುತ್ತ ಕೂರುವಂತಿಲ್ಲ.

ಈ ಯೋಜನೆಯ ಮಾರ್ಗಸೂಚಿಯಲ್ಲಿಯೇ ಒಂದು ಅವಕಾಶವಿದೆ. ಸುತ್ತಲ 500 ಮೀಟರ್ ಒಳಗಿನ ಮನೆಗಳ ಗುಂಪುಗಳನ್ನು, ಗುಡ್ಡಗಾಡಾದರೆ ಕಾಲುದಾರಿಯ ಒಂದೂವರೆ ಕಿಲೋಮೀಟರ್ ಒಳಗಿನವನ್ನು, ಒಟ್ಟುಗೂಡಿಸಿ ಜನಸಂಖ್ಯೆ ಎಣಿಸಬಹುದು. ಹಾಗಾಗಿ ಮೊದಲ ಕೆಲಸ, ನಿಮ್ಮ ಮಜರೆಯೊಂದರ ಹೆಸರಿನಲ್ಲಿ ಅರ್ಜಿ ಬರೆಯುವುದನ್ನು ಬಿಟ್ಟು, ಅದೇ ದಾರಿಯನ್ನು ತುಳಿಯುವ ಎಲ್ಲ ಮಜರೆಗಳ ಹೆಸರನ್ನೂ ಒಂದೇ ಅರ್ಜಿಯಲ್ಲಿ ತರುವುದು. ಮೇಲಿನ ಕೇರಿ, ಕೆಳಗಿನ ಕೇರಿಗಳ ನಡುವೆ ಹಳೆಯ ಮನಸ್ತಾಪವಿದ್ದರೆ ಅದನ್ನು ಮೊದಲು ಕುಳಿತು ಮಾತಾಡಿ ಮುಗಿಸಿಕೊಳ್ಳಿ. ಎರಡು ಕೇರಿಗಳು ಎರಡು ದಾರಿ ಕೇಳಿದ ಕಡೆ ಎರಡೂ ಆಗದಿರುವುದನ್ನು ನಾನು ನೋಡಿದ್ದೇನೆ.

ಲೆಕ್ಕಕ್ಕೆಂದು ಒಂದು ನೂರು ಪುಟದ ನೋಟ್‌ಬುಕ್ ಇಡಿ. ಮನೆಮನೆಯ ಜನಸಂಖ್ಯೆ, ಅರವತ್ತು ದಾಟಿದವರು, ಅಂಗವಿಕಲರು, ಗರ್ಭಿಣಿಯರು, ಶಾಲೆ ಮತ್ತು ಅಂಗನವಾಡಿಗೆ ಹೋಗುವ ಮಕ್ಕಳು, ಇವಿಷ್ಟನ್ನು ಬರೆದುಕೊಳ್ಳಿ. ಈ ಅಂಕಿಗಳನ್ನು ಊರಿನ ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಕಾರ್ಯಕರ್ತೆಯ ದಾಖಲೆಯೊಂದಿಗೆ ತಾಳೆ ನೋಡಿಕೊಳ್ಳುವುದು ಮುಖ್ಯ, ಏಕೆಂದರೆ ಅದು ಸರ್ಕಾರದ್ದೇ ದಾಖಲೆ, ಅದನ್ನು ಯಾರೂ ಉತ್ಪ್ರೇಕ್ಷೆ ಎನ್ನಲಾರರು. ಅದೇ ನೋಟ್‌ಬುಕ್ಕಿನಲ್ಲಿ ಮಳೆಗಾಲದ ದಿನಚರಿಯನ್ನೂ ಇಡಿ: ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಹಳ್ಳ ದಾಟಲಾಗಲಿಲ್ಲ, ಯಾವ ದಿನ ಮಕ್ಕಳು ಶಾಲೆಗೆ ಹೋಗಲಿಲ್ಲ, ಯಾರನ್ನು ಎಷ್ಟು ದೂರ ಹೊತ್ತುಕೊಂಡು ಹೋದಿರಿ. ಹಳ್ಳದ ಒಂದೇ ಜಾಗದಲ್ಲಿ ನಿಂತು ಮೇ ತಿಂಗಳಲ್ಲೊಂದು, ಜುಲೈ ತಿಂಗಳಲ್ಲೊಂದು ಫೋಟೋ ತೆಗೆದಿಡಿ. ಬೇಸಿಗೆಯಲ್ಲಿ ಸ್ಥಳ ಪರಿಶೀಲನೆಗೆ ಬರುವ ಎಂಜಿನಿಯರಿಗೆ ಪಾದ ಮುಳುಗದ ಹಳ್ಳವೇ ಕಾಣುತ್ತದೆ. ಜುಲೈಯ ಫೋಟೋ ಜೊತೆಗಿದ್ದರೆ ಸಂಕದ ಎತ್ತರವನ್ನು ಅವರು ಸರಿಯಾಗಿ ಅಂದಾಜು ಮಾಡುತ್ತಾರೆ.

ನಂತರ ನೆಲದ ಗುರುತು

ಮಲೆನಾಡಿನಲ್ಲಿ ಅತಿ ಹೆಚ್ಚು ಅರ್ಜಿಗಳು ಸಿಕ್ಕಿಬೀಳುವುದು ಇಲ್ಲಿ. ‘ಅದು ಫಾರೆಸ್ಟು, ಆಗುವುದಿಲ್ಲ’ ಎಂಬ ಒಂದು ಮಾತು ಕೇಳಿ ಎರಡು ತಲೆಮಾರು ಸುಮ್ಮನಾದ ಊರುಗಳಿವೆ. ಆದರೆ ನಾವು ಕಾಡೆಂದು ಕರೆಯುವ ನೆಲವೆಲ್ಲ ದಾಖಲೆಯಲ್ಲಿ ಒಂದೇ ಬಗೆಯದಲ್ಲ. ಅದು ಮೀಸಲು ಅರಣ್ಯವಾಗಿರಬಹುದು, ಮೀಸಲು ಅರಣ್ಯ ಮಾಡಲು ಕರ್ನಾಟಕ ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆಯಾಗಿ ಮುಂದಿನ ವಿಚಾರಣೆ ನಿಂತಿರುವ ನೆಲವಾಗಿರಬಹುದು, ಅಧಿಸೂಚನೆಯಿಲ್ಲದೆಯೂ ಅರಣ್ಯವೆಂದು ಪರಿಗಣಿಸಿದ ಡೀಮ್ಡ್ ಅರಣ್ಯವಾಗಿರಬಹುದು, ಸೊಪ್ಪಿನಬೆಟ್ಟ ಅಥವಾ ಕಾನು ಆಗಿರಬಹುದು, ಬರೀ ಗೋಮಾಳವೂ ಆಗಿರಬಹುದು. ಹಿಡುವಳಿಗೆ ಹೊಂದಿಕೊಂಡು ರೈತರು ಬಳಸುವ ಇಂಥ ನೆಲಕ್ಕೆ ದಕ್ಷಿಣ ಕನ್ನಡದಲ್ಲಾದರೆ ಕುಮ್ಕಿ, ಕೊಡಗಿನಲ್ಲಾದರೆ ಬಾಣೆ ಎನ್ನುತ್ತಾರೆ. ಒಂದೊಂದಕ್ಕೂ ಕೇಳಬೇಕಾದ ಕಚೇರಿ ಬೇರೆ.

ಇದನ್ನು ತಿಳಿಯಲು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಸಾಕು. ಜಿಪಿಎಸ್ ಹಾಕಿಕೊಂಡು ದಾರಿಯುದ್ದಕ್ಕೂ ನಡೆದರೆ ನೀವು ನಿಂತ ಜಾಗದ ಸರ್ವೆ ನಂಬರನ್ನು ಅದು ತೋರಿಸುತ್ತದೆ. ಮಜರೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಹೊರಡುವ ಮೊದಲೇ ನೆಟ್‌ವರ್ಕ್ ಇರುವ ಜಾಗದಲ್ಲಿ ನಕ್ಷೆಯನ್ನು ನೋಡಿ, ಗಡಿ ಬದಲಾಗುವ ಸ್ಥಳಗಳನ್ನು ಬರೆದುಕೊಳ್ಳಿ. ನಾವು ಒಂದು ಊರಿನಲ್ಲಿ ಹೀಗೆ ನಡೆದದ್ದು ಫೆಬ್ರವರಿ ತಿಂಗಳ ಒಂದು ಬೆಳಿಗ್ಗೆ. ಒಬ್ಬ ಹುಡುಗ ಮೊಬೈಲ್ ಹಿಡಿದು ಮುಂದೆ, ಇಬ್ಬರು ಟೇಪು ಹಿಡಿದು ಹಿಂದೆ, ಹಿರಿಯರೊಬ್ಬರು ಪ್ರತಿ ತಿರುವಿನಲ್ಲೂ ‘ಇದು ಇಂಥವರ ಅಜ್ಜನ ಕಾಲದ ಗಾಡಿದಾರಿ’ ಎಂದು ಗುರುತು ಹೇಳುತ್ತ ಪಕ್ಕದಲ್ಲಿ. ಒಂದೂಮುಕ್ಕಾಲು ಕಿಲೋಮೀಟರ್ ದಾರಿಯೂ ಕಾಡಿನಲ್ಲೇ ಹೋಗುತ್ತದೆ ಎಂದು ಊರೆಲ್ಲ ನಂಬಿತ್ತು. ಅಳೆದು ನೋಡಿದಾಗ ಅರಣ್ಯದ ಸರ್ವೆ ನಂಬರಿನಲ್ಲಿ ಇದ್ದದ್ದು 220 ಮೀಟರ್; ಉಳಿದದ್ದು ಸ್ವಲ್ಪ ಗೋಮಾಳ, ಹೆಚ್ಚಿನದು ಐದು ಕುಟುಂಬಗಳ ಹಿಡುವಳಿ.

ಅಳತೆ ಸಿಕ್ಕ ಮೇಲೆ ದಾರಿಯನ್ನು ಮೂರು ಪಾಲಾಗಿ ವಿಂಗಡಿಸಿ. ಖಾಸಗಿ ಹಿಡುವಳಿಯ ಭಾಗಕ್ಕೆ ಆಯಾ ಪಹಣಿದಾರರಿಂದ, ಜಂಟಿ ಖಾತೆಯಾಗಿದ್ದರೆ ಎಲ್ಲ ಖಾತೆದಾರರಿಂದ, ಎಷ್ಟು ಅಗಲದ ದಾರಿಗೆ ಒಪ್ಪಿದ್ದಾರೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸಿ ಛಾಪಾ ಕಾಗದದಲ್ಲಿ ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕು. ಬಾಯಿಮಾತಿನ ಒಪ್ಪಿಗೆ ಜೆಸಿಬಿ ಬಂದ ದಿನ ಉಳಿಯುವುದಿಲ್ಲ. ಗೋಮಾಳದ ಭಾಗಕ್ಕೆ ತಹಸೀಲ್ದಾರರಿಗೆ ಬರೆಯಬೇಕು. ಅರಣ್ಯದ ಭಾಗಕ್ಕೆ ಮುಂದಿನ ಕ್ರಮವಿದೆ.

ಅರಣ್ಯದ ಭಾಗಕ್ಕೆ ಸೆಕ್ಷನ್ 3(2)

2006ರ ಅರಣ್ಯ ಹಕ್ಕು ಕಾಯ್ದೆಯನ್ನು ನಮ್ಮ ಕಡೆ ಸಾಗುವಳಿಯ ಹಕ್ಕುಪತ್ರದ ಕಾಯ್ದೆಯೆಂದೇ ಜನ ತಿಳಿದಿದ್ದಾರೆ. ಅದರ ಸೆಕ್ಷನ್ 3(2) ಬೇರೆಯೇ ವಿಷಯವನ್ನು ಹೇಳುತ್ತದೆ. ಅರಣ್ಯ ಸಂರಕ್ಷಣಾ ಕಾಯ್ದೆ ಏನೇ ಹೇಳಿದ್ದರೂ, ಸರ್ಕಾರವೇ ನಿರ್ವಹಿಸುವ ಹದಿಮೂರು ಬಗೆಯ ಸೌಲಭ್ಯಗಳಿಗೆ ಅರಣ್ಯಭೂಮಿಯನ್ನು ಕೊಡಬಹುದು ಎಂಬುದು ಅದರ ತಾತ್ಪರ್ಯ. ಶಾಲೆ, ಆಸ್ಪತ್ರೆ, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ವಿದ್ಯುತ್ ಮತ್ತು ದೂರಸಂಪರ್ಕ ಮಾರ್ಗ, ಕೆರೆ, ಕುಡಿಯುವ ನೀರಿನ ಪೈಪು, ಮಳೆನೀರು ಸಂಗ್ರಹ, ಸಣ್ಣ ಕಾಲುವೆ, ಅಸಾಂಪ್ರದಾಯಿಕ ಇಂಧನ, ವೃತ್ತಿ ತರಬೇತಿ ಕೇಂದ್ರ, ರಸ್ತೆ, ಸಮುದಾಯ ಭವನ ಇವೇ ಆ ಹದಿಮೂರು. ಪ್ರತಿ ಕಾಮಗಾರಿಗೂ ಬೇಕಾಗುವ ಅರಣ್ಯಭೂಮಿ ಒಂದು ಹೆಕ್ಟೇರಿಗಿಂತ ಕಡಿಮೆ ಇರಬೇಕು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯುವಂತಿರಬಾರದು, ಗ್ರಾಮಸಭೆ ಶಿಫಾರಸು ಮಾಡಿರಬೇಕು. ಷರತ್ತುಗಳು ಇಷ್ಟೇ.

ಈ ಅಳತೆಯನ್ನು ನಮ್ಮ ದಾರಿಗೆ ಹೊಂದಿಸಿ ನೋಡೋಣ. ಒಂದು ಹೆಕ್ಟೇರ್ ಎಂದರೆ ಹತ್ತು ಸಾವಿರ ಚದರ ಮೀಟರ್. ಚರಂಡಿ ಸೇರಿ ಆರು ಮೀಟರ್ ಅಗಲದ ದಾರಿಯೆಂದು ಹಿಡಿದರೆ ಸುಮಾರು 1,600 ಮೀಟರ್ ಉದ್ದದ ಅರಣ್ಯದ ತುಂಡು ಈ ಮಿತಿಯೊಳಗೆ ಬರುತ್ತದೆ. ಮೇಲೆ ಹೇಳಿದ 220 ಮೀಟರಿಗೆ ಬೇಕಾದದ್ದು 0.132 ಹೆಕ್ಟೇರ್, ಅಂದರೆ ಹದಿಮೂರು ಗುಂಟೆ; ಅಷ್ಟು ನೆಲಕ್ಕೆ ಮರದ ಮಿತಿ ಒಂಬತ್ತು. ಹಳೆಯ ಗಾಡಿದಾರಿಯ ಜಾಡನ್ನೇ ಹಿಡಿದರೆ ಅಷ್ಟು ಮರವನ್ನೂ ಕಡಿಯಬೇಕಾಗುವುದಿಲ್ಲ. ಹೊಸದಾಗಿ ಗುಡ್ಡ ಸೀಳುವ ನೇರ ದಾರಿ ಕೇಳಬೇಡಿ ಎಂದು ನಾನು ಎಲ್ಲ ಕಡೆಯೂ ಕೈಮುಗಿದು ಹೇಳುತ್ತೇನೆ. ದರೆ ಕಡಿದ ದಾರಿ ಎರಡನೇ ಮಳೆಗಾಲಕ್ಕೆ ಕುಸಿಯುತ್ತದೆ, ಕೆಳಗಿನ ತೋಟಕ್ಕೆ ಮಣ್ಣು ತುಂಬುತ್ತದೆ, ಕಾಡೂ ಹೋಗುತ್ತದೆ. ಹಿರಿಯರು ಗಾಡಿ ಹೊಡೆದ ಜಾಡು ಬಳಸಿ ಹೋಗುವುದಕ್ಕೆ ಕಾರಣವಿತ್ತು. ಹಾಗೆಯೇ ಒಂದು ಹೆಕ್ಟೇರ್ ಮೀರುವ ರಸ್ತೆಯನ್ನು ತುಂಡು ಮಾಡಿ ಎರಡು ಅರ್ಜಿಯಾಗಿ ಕೇಳುವ ಉಪಾಯಕ್ಕೂ ಹೋಗಬಾರದು. ಮುಂದೆ ಯಾರಾದರೂ ಆಕ್ಷೇಪಿಸಿದರೆ ಎರಡೂ ನಿಲ್ಲುತ್ತವೆ.

ಈ ಅರ್ಜಿಗೆ ‘ನಮೂನೆ ಎ’ ಎಂಬ ನಿಗದಿತ ಫಾರಂ ಇದೆ. ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯವು 2009ರ ಮೇ 18ರಂದು ಹೊರಡಿಸಿದ ಕಾರ್ಯವಿಧಾನದಲ್ಲಿ ಅದು ಸಿಗುತ್ತದೆ. ಬಹಳ ಜನ ತಪ್ಪುವುದು ಒಂದು ಕಡೆ: ಅದನ್ನು ಸಲ್ಲಿಸಬೇಕಾದವರು ಊರಿನವರಲ್ಲ, ಕಾಮಗಾರಿ ಮಾಡುವ ಸರ್ಕಾರಿ ಸಂಸ್ಥೆ. ಗ್ರಾಮ ಪಂಚಾಯಿತಿಯೋ, ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವೋ, ಲೋಕೋಪಯೋಗಿ ಇಲಾಖೆಯೋ, ವಿದ್ಯುತ್ ಕಂಪನಿಯೋ ಅದನ್ನು ತುಂಬಿ, ಗ್ರಾಮಸಭೆಯ ಠರಾವಿನೊಂದಿಗೆ ವಲಯ ಅರಣ್ಯಾಧಿಕಾರಿಗೆ ಕೊಡಬೇಕು. ಅವರು ಸ್ಥಳ ನೋಡಿ ಎರಡು ವಾರದಲ್ಲಿ ತಮ್ಮ ಅಭಿಪ್ರಾಯದೊಂದಿಗೆ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ ಕಳಿಸಬೇಕು; ಅಲ್ಲಿ ನಾಲ್ಕು ವಾರದಲ್ಲಿ ತೀರ್ಮಾನವಾಗಬೇಕು. ಅಲ್ಲಿ ಒಪ್ಪಿಗೆ ಸಿಗದಿದ್ದರೆ ವಿಷಯ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಸಮಿತಿಗೆ ಹೋಗುತ್ತದೆ. ದೆಹಲಿಗೂ ಹೋಗಬೇಕಿಲ್ಲ, ಬೆಂಗಳೂರಿಗೂ ಹೋಗಬೇಕಿಲ್ಲ. ‘ಕೇಂದ್ರದ ಅನುಮತಿ ಬೇಕು’ ಎಂಬ ಉತ್ತರ ಬಂದರೆ ಈ ಕಾರ್ಯವಿಧಾನದ ಪ್ರತಿಯನ್ನು ಲಗತ್ತಿಸಿ, ಯಾವ ನಿಯಮದಡಿ ಬೇಕು ಎಂದು ಲಿಖಿತವಾಗಿ ಕೇಳಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿನ ಊರುಗಳಿಗೆ ತಕರಾರು ಹೆಚ್ಚು. ಆದರೂ ಈ ಕಾಯ್ದೆ ಅರಣ್ಯಭೂಮಿಗೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ಅವೂ ಸೇರಿವೆ ಎಂಬುದನ್ನು ನೆನಪಿನಲ್ಲಿಡಬೇಕು.

ಸಭೆ ಮತ್ತು ಠರಾವು

ಪಂಚಾಯಿತಿಯ ಕ್ರಿಯಾ ಯೋಜನೆಗೆ ಕಾಮಗಾರಿಯನ್ನು ಸೇರಿಸುವ ವಾರ್ಡ್ ಸಭೆ, ಗ್ರಾಮಸಭೆ ಒಂದು; ಅರಣ್ಯ ಹಕ್ಕು ಕಾಯ್ದೆಯ ಗ್ರಾಮಸಭೆ ಇನ್ನೊಂದು. ಎರಡಕ್ಕೂ ಠರಾವು ಬೇಕು, ಒಂದರದನ್ನು ಇನ್ನೊಂದಕ್ಕೆ ಬಳಸಲಾಗದು. ‘ನಮ್ಮ ಗ್ರಾಮ ನಮ್ಮ ಯೋಜನೆ’ಯ ತಯಾರಿ ಪ್ರತಿವರ್ಷ ಅಕ್ಟೋಬರ್ ವೇಳೆಗೆ ಶುರುವಾಗುತ್ತದೆ, ವಾರ್ಡ್ ಸಭೆಯಲ್ಲಿ ಬಾರದ ಬೇಡಿಕೆಯನ್ನು ಆಮೇಲೆ ತೂರಿಸುವುದು ಕಷ್ಟ. ಅರಣ್ಯ ಹಕ್ಕಿನ ಗ್ರಾಮಸಭೆಯ ಕೋರಂ ಇನ್ನೂ ಬಿಗಿ: 2012ರ ತಿದ್ದುಪಡಿಯಂತೆ ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಜನ ಹಾಜರಿರಬೇಕು, ಹಾಜರಿದ್ದವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಅಡಕೆ ಕೊಯ್ಲಿನ ದಿನಗಳಲ್ಲಿ ಸಭೆ ಕರೆದು ಕೋರಂ ಆಗದೆ ಹೋಗುವುದು ನಮ್ಮಲ್ಲಿ ಸಾಮಾನ್ಯ. ಕೊಯ್ಲಿನ ಗಡಿಬಿಡಿ ಇಲ್ಲದ ದಿನ ನೋಡಿ, ಸಭೆಯನ್ನು ಸಾಧ್ಯವಾದಷ್ಟು ಮಜರೆಯಲ್ಲೇ ಕರೆಯುವಂತೆ ಕೇಳಿಕೊಳ್ಳಿ. ಹಳ್ಳದ ಆಚೆ ಸಭೆ ಇಟ್ಟು ಮುದುಕಿಯರು ಬರಲಿಲ್ಲ ಎಂದರೆ ಏನು ನ್ಯಾಯ?

ಠರಾವಿನ ಒಕ್ಕಣೆ ಹೀಗಿರಲಿ: ‘ನಮ್ಮ ಗ್ರಾಮದ ಸರ್ವೆ ನಂಬರ್ ಇಂಥದ್ದರಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ಗಾಡಿದಾರಿಯ ಪೈಕಿ ಅರಣ್ಯಭೂಮಿಯಲ್ಲಿರುವ 220 ಮೀಟರ್ ಉದ್ದ, 6 ಮೀಟರ್ ಅಗಲದ, ಒಟ್ಟು 0.132 ಹೆಕ್ಟೇರ್ ಭಾಗವನ್ನು, ಅರಣ್ಯ ಹಕ್ಕು ಕಾಯ್ದೆ 2006ರ ಸೆಕ್ಷನ್ 3(2)ರ ಅಡಿಯಲ್ಲಿ ರಸ್ತೆಗಾಗಿ ಬಳಸಲು ಈ ಸಭೆ ಶಿಫಾರಸು ಮಾಡುತ್ತದೆ. ಕಡಿಯಬೇಕಾದ ಮರಗಳ ಸಂಖ್ಯೆ ಇಷ್ಟು. ಈ ದಾರಿಯಿಂದ ಇಂತಿಂಥ ಮಜರೆಗಳ ಇಷ್ಟು ಕುಟುಂಬಗಳಿಗೆ ಅನುಕೂಲವಾಗುತ್ತದೆ. ಕಾಮಗಾರಿಯ ಪ್ರಸ್ತಾವನೆಯನ್ನು ಗ್ರಾಮ ಪಂಚಾಯಿತಿಯು ನಮೂನೆ ಎ ಯಲ್ಲಿ ಸಲ್ಲಿಸತಕ್ಕದ್ದು.’ ಕೊನೆಯ ವಾಕ್ಯವನ್ನು ಬಿಡಬೇಡಿ. ಯಾರು ಸಲ್ಲಿಸಬೇಕು ಎಂಬುದು ಬರೆದಿರದ ಠರಾವು ನಡಾವಳಿ ಪುಸ್ತಕದಲ್ಲೇ ಉಳಿದುಬಿಡುತ್ತದೆ. ಸಭೆ ಮುಗಿದ ವಾರದೊಳಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ನಡಾವಳಿಯ ದೃಢೀಕೃತ ಪ್ರತಿ ಪಡೆಯಿರಿ.

ಹಣ ಎಲ್ಲಿಂದ

ಸಣ್ಣ ಕಾಲುಸಂಕ ಮತ್ತು ಮೋರಿಗಳಿಗೆ ಶಿವಮೊಗ್ಗದಲ್ಲಿ ಕೇಂದ್ರ ಕಚೇರಿಯಿರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿಗೆ ಶಾಸಕರ ಮೂಲಕ ಪ್ರಸ್ತಾವನೆ ಕೊಡಬಹುದು. ಅದರ ವ್ಯಾಪ್ತಿ ಹದಿಮೂರು ಜಿಲ್ಲೆಗಳದ್ದು. ಶಾಸಕರಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ ರೂಪಾಯಿಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಮಕ್ಕಳು ಹಳ್ಳ ದಾಟಿ ಶಾಲೆಗೆ ಹೋಗುವ ಕಡೆ ಲೋಕೋಪಯೋಗಿ ಇಲಾಖೆಯ ಶಾಲಾ ಸಂಪರ್ಕ ಸೇತು ಯೋಜನೆಯಡಿ ಕೇಳಬೇಕು. ಪರಿಶಿಷ್ಟರ ಮನೆಗಳಿರುವ ಮಜರೆಗೆ ಉಪಯೋಜನೆಗಳ ಅನುದಾನವಿದೆ. ಜೇನುಕುರುಬ ಮತ್ತು ಕೊರಗ ಬುಡಕಟ್ಟು ಸಮುದಾಯಗಳ ಹಾಡಿಗಳಿಗೆ (ವಸತಿ ನೆಲೆಗಳಿಗೆ) 2023ರಲ್ಲಿ ಆರಂಭವಾದ ಪಿಎಂ ಜನಮನ್ ಯೋಜನೆಯಲ್ಲಿ ನೂರು ಜನರಿದ್ದರೂ ರಸ್ತೆ ಕೇಳುವ ಅವಕಾಶವಿದೆ.

ರಸ್ತೆ ತಡವಾಗುವುದಾದರೆ ಮೊದಲು ಕಾಲುಸಂಕ ಕೇಳಿ ಎನ್ನುವುದು ನನ್ನ ಸಲಹೆ. ಅದಕ್ಕೆ ಬೇಕಾಗುವ ನೆಲ ಕಡಿಮೆ, ಹಣ ಕಡಿಮೆ, ಉಳಿಯುವ ಜೀವ ಹೆಚ್ಚು. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಎರಡನೇ ತರಗತಿಯ ಬಾಲಕಿಯೊಬ್ಬಳು ಶಾಲೆಯಿಂದ ಮರಳುವಾಗ ಮರದ ಕಾಲುಸಂಕದಿಂದ ಜಾರಿ ಹಳ್ಳದಲ್ಲಿ ಕೊಚ್ಚಿಹೋದಳು. ಎರಡು ಅಡಕೆ ಮರ ಅಡ್ಡ ಹಾಕಿ, ಹಿಡಿದುಕೊಳ್ಳಲು ಬಿದಿರು ಕಟ್ಟಿದ ಸಂಕಗಳು ಪ್ರತಿ ಮಜರೆಯಲ್ಲೂ ಇವೆ. ಅಗಲವಾದ ಹೊಳೆಯಾದರೆ ತೂಗುಸೇತುವೆಯೂ ಒಂದು ದಾರಿ. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿ ಹೊಳೆಗೆ ಊರವರ ಜೊತೆ ಸೇರಿ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಅಂಥ ನೂರಕ್ಕೂ ಹೆಚ್ಚು ಸೇತುವೆಗಳಾದವು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ದೊಡ್ಡ ಸೇತುವೆಗಳ ಕಥೆಯೇ ಬೇರೆ. ಲಿಂಗನಮಕ್ಕಿ ಹಿನ್ನೀರಿನಿಂದ ಬೇರ್ಪಟ್ಟ ತುಮರಿ ಭಾಗದ ಜನ ಸುಮಾರು ಆರು ದಶಕ ಲಾಂಚ್ ನಂಬಿ ಬದುಕಿದ ಮೇಲೆ, 2025ರ ಜುಲೈ 14ರಂದು ಸಿಗಂದೂರು ಸೇತುವೆ ತೆರೆಯಿತು. ಅಂಥದ್ದಕ್ಕೆ ದೀರ್ಘ ಹೋರಾಟವೇ ಬೇಕು. ನಿಮ್ಮ ಹಳ್ಳದ ಹತ್ತು ಮೀಟರ್ ಸಂಕಕ್ಕೆ ಸರಿಯಾದ ಕಾಗದ ಸಾಕಾಗಬಹುದು.

ದಾರಿ ಆಗುವವರೆಗೆ: ಆಸ್ಪತ್ರೆ ಮತ್ತು ಶಾಲೆ

ಕಂಬಳಿಯ ಎರಡು ತುದಿಯನ್ನು ಬಿದಿರಿನ ಗಳಕ್ಕೆ ಕಟ್ಟಿ ಜೋಲಿ ಮಾಡಿ, ಅದರಲ್ಲಿ ರೋಗಿಯನ್ನು ಮಲಗಿಸಿ, ಮುಂದೊಬ್ಬರು ಹಿಂದೊಬ್ಬರು ಹೆಗಲು ಕೊಟ್ಟು, ಪಾಳಿಯವರು ಟಾರ್ಚು ಹಿಡಿದು ಜೊತೆಗೆ ನಡೆಯುವುದನ್ನು ಕಂಡವರಿಗೆ ಈ ಭಾಗ ಏಕೆ ಬೇಕೆಂದು ಹೇಳಬೇಕಿಲ್ಲ. ಒಮ್ಮೆ ನಾನೂ ಹೆಗಲು ಕೊಟ್ಟಿದ್ದೇನೆ. ರಾತ್ರಿ ಒಂಬತ್ತಕ್ಕೆ ಹೊರಟ ನಾವು ಡಾಂಬರು ರಸ್ತೆ ಮುಟ್ಟಿದ್ದು ಹನ್ನೊಂದು ಕಾಲಿಗೆ. ಆಂಬುಲೆನ್ಸ್ ಇನ್ನೊಂದು ತಿರುವಿನಲ್ಲಿ ಕಾಯುತ್ತಿತ್ತು, ನಾವು ಈ ತಿರುವಿನಲ್ಲಿ ಕಾಯುತ್ತಿದ್ದೆವು. ನೆಟ್‌ವರ್ಕ್ ಇಲ್ಲದ್ದರಿಂದ ಅರ್ಧ ಗಂಟೆ ಹಾಗೆಯೇ ಕಳೆಯಿತು. ಮುಂದಿನ ಮಳೆಗಾಲಕ್ಕೆ ಮೊದಲು ಆ ಊರು ಮಾಡಿದ ಮೊದಲ ಕೆಲಸ, ಆಂಬುಲೆನ್ಸ್ ಬಂದು ನಿಲ್ಲಬೇಕಾದ ಒಂದೇ ಜಾಗವನ್ನು ಗೊತ್ತುಮಾಡಿದ್ದು.

ಮೇ ತಿಂಗಳ ಕೊನೆಯೊಳಗೆ ಪ್ರತಿ ಮಜರೆಯೂ ಇದನ್ನು ಮಾಡಿಕೊಳ್ಳಲಿ. 108ಕ್ಕೆ ಕರೆ ಮಾಡಿದಾಗ ಹೇಳಬೇಕಾದ ಜಾಗದ ಗುರುತನ್ನು ಒಂದೇ ವಾಕ್ಯದಲ್ಲಿ ಬರೆದು ಎಲ್ಲ ಮನೆಯ ಗೋಡೆಗೆ ಅಂಟಿಸಿ. ಯಾವ ಗುಡ್ಡದ ನೆತ್ತಿಯಲ್ಲಿ ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ, ರಾತ್ರಿ ಅಲ್ಲಿಗೆ ಓಡುವವರು ಯಾರು, ಹತ್ತಿರದ ಜೀಪು ಯಾರದು ಎಂಬುದು ಮೊದಲೇ ತೀರ್ಮಾನವಾಗಿರಲಿ. ಜುಲೈ, ಆಗಸ್ಟ್‌ನಲ್ಲಿ ದಿನ ತುಂಬುವ ಗರ್ಭಿಣಿಯರ ಪಟ್ಟಿ ಆಶಾ ಕಾರ್ಯಕರ್ತೆಯ ಬಳಿ ಇರುತ್ತದೆ; ಅವರನ್ನು ಹೆರಿಗೆ ದಿನಕ್ಕೆ ಎರಡು ವಾರ ಮೊದಲೇ ಆಸ್ಪತ್ರೆಗೆ ಹತ್ತಿರದ ನೆಂಟರ ಮನೆಗೆ ಕಳಿಸುವುದು ನಮ್ಮಲ್ಲಿ ರೂಢಿಯಾಗಬೇಕು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕಾಂಶ ಸಮಿತಿಗೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಬರುತ್ತದೆ. ಬಡ ರೋಗಿಯನ್ನು ತುರ್ತಾಗಿ ಸಾಗಿಸುವ ಖರ್ಚನ್ನು ಅದರಿಂದ ಭರಿಸಬಹುದು. ಸಮಿತಿಯ ಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆಸಿ.

ಹಾವು ಕಚ್ಚಿದ ಕಡೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಮದ್ದಿಗೆ ಅಲೆದು ಹೊತ್ತು ಕಳೆಯುವುದು ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದಂತೆ ಇರಿಸಿ, ನಡೆಸದೆ ಹೊತ್ತೊಯ್ಯಿರಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಷಪ್ರತಿರೋಧಕ ಚುಚ್ಚುಮದ್ದು ದಾಸ್ತಾನಿದೆಯೇ ಎಂದು ಮಳೆಗಾಲದ ಮೊದಲೇ ಹೋಗಿ ವಿಚಾರಿಸಿ. ಇಲ್ಲವೆಂದಾದರೆ ಪಂಚಾಯಿತಿಯ ಮೂಲಕ ತಾಲೂಕು ಆರೋಗ್ಯಾಧಿಕಾರಿಗೆ ಬರೆಸಿ. ಗುಡ್ಡಗಾಡು ಪ್ರದೇಶದಲ್ಲಿ 3,000 ಜನಕ್ಕೊಂದು ಉಪಕೇಂದ್ರ, 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಮಾನದಂಡವಿದೆ, ಬಯಲಿಗಾದರೆ 5,000 ಮತ್ತು 30,000. ಹೊಸ ಉಪಕೇಂದ್ರ ಕೇಳುವಾಗ ಗುಡ್ಡಗಾಡಿನ ಅಂಕಿಯನ್ನೇ ಉಲ್ಲೇಖಿಸಿ.

ಶಾಲೆಯ ವಿಷಯದಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ನಿಯಮ ಸ್ಪಷ್ಟವಾಗಿದೆ: ಐದನೇ ತರಗತಿವರೆಗೆ ಒಂದು ಕಿಲೋಮೀಟರ್, ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಇಲ್ಲದ ಕಡೆ ಸಮಗ್ರ ಶಿಕ್ಷಣ ಯೋಜನೆಯಡಿ ಪ್ರತಿ ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಸಾರಿಗೆ ಅಥವಾ ಜೊತೆಗಾರರ ಭತ್ಯೆ ಕೊಡಲು ಅವಕಾಶವಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಠರಾವು, ಮಕ್ಕಳ ಹೆಸರಿನ ಪಟ್ಟಿ, ಮನೆಯಿಂದ ಶಾಲೆಗೆ ನಡೆಯುವ ದೂರ ಇವನ್ನು ಮುಖ್ಯಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗೆ ಕಳಿಸಬೇಕು. ದೂರವನ್ನು ಕಾಗೆ ಹಾರಿದಂತೆ ಅಳೆಯದೆ ಮಗು ಹಳ್ಳ ಬಳಸಿ ನಡೆಯುವ ದಾರಿಯಲ್ಲೇ ಅಳೆಯಿರಿ. ಹೆಣ್ಣುಮಕ್ಕಳು ಏಳನೇ ತರಗತಿಗೆ ಶಾಲೆ ಬಿಡುವುದಕ್ಕೆ ಈ ದೂರವೇ ಎಷ್ಟೋ ಕಡೆ ಕಾರಣ.

ಕರೆಂಟು, ಫೋನು

ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ 2024ರ ತಿದ್ದುಪಡಿಯಂತೆ ಗ್ರಾಮೀಣ ಪ್ರದೇಶದಲ್ಲಿ 15 ದಿನ, ಗುಡ್ಡಗಾಡಾದರೆ 30 ದಿನದೊಳಗೆ ಹೊಸ ಸಂಪರ್ಕ ಕೊಡಬೇಕು. ಹೊಸ ಮಾರ್ಗ ಎಳೆಯಬೇಕಾದರೆ ಹೆಚ್ಚು ಕಾಲ ಹಿಡಿಯುತ್ತದೆ. ಶಿವಮೊಗ್ಗ, ಚಿಕ್ಕಮಗಳೂರು, ಕರಾವಳಿಯ ಎರಡು ಜಿಲ್ಲೆಗಳು ಮೆಸ್ಕಾಂ ವ್ಯಾಪ್ತಿ, ಉತ್ತರ ಕನ್ನಡ ಹೆಸ್ಕಾಂ, ಕೊಡಗು ಸೆಸ್ಕ್. ದೂರಿಗೆ 1912. ಕಂಬ ಅರಣ್ಯದಲ್ಲಿ ನೆಡಬೇಕೆಂದಾದರೆ ಮತ್ತೆ ಅದೇ ಸೆಕ್ಷನ್ 3(2), ಅದೇ ನಮೂನೆ ಎ. ಮೊಬೈಲ್ ಟವರಿಗೆ 2022ರಲ್ಲಿ ಒಪ್ಪಿಗೆಯಾದ 4ಜಿ ಯೋಜನೆಯಡಿ ಬಿಎಸ್‌ಎನ್‌ಎಲ್ ಟವರ್ ಹಾಕುತ್ತಿದೆ. ಜಾಗದ ಸಮಸ್ಯೆಯಿಂದಲೇ ನಿಂತಿದ್ದರೆ ಗ್ರಾಮಸಭೆಯ ಠರಾವು ಕೊಟ್ಟು ನೀವೇ ಮುಂದೆ ಬನ್ನಿ.

ಅರ್ಜಿಯ ಬೆನ್ನು ಹತ್ತುವುದು

ಯಾವ ಅರ್ಜಿಯನ್ನೂ ಎರಡು ಪ್ರತಿಯಿಲ್ಲದೆ ಒಯ್ಯಬೇಡಿ. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಆವಕ ಸಂಖ್ಯೆ ಹಾಕಿಸಿಕೊಳ್ಳಿ. ಊರಿಗೊಂದು ಕಡತ ಇರಲಿ, ಅದು ಒಬ್ಬರ ಮನೆಯ ಆಸ್ತಿಯಾಗದೆ ಶಾಲೆಯಲ್ಲೋ ಸ್ವಸಹಾಯ ಸಂಘದಲ್ಲೋ ಇರಲಿ. ಎರಡು ತಿಂಗಳಾದರೂ ಉತ್ತರ ಬಾರದಿದ್ದರೆ 1902ಕ್ಕೆ ಕರೆ ಮಾಡಿ ಜನಸ್ಪಂದನದಲ್ಲಿ ದೂರು ದಾಖಲಿಸಬಹುದು, ಅದರ ಜೊತೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ಕರ್ನಾಟಕದ ನಿಯಮದಂತೆ ಈ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಶುಲ್ಕ ಹತ್ತು ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ‘ರಸ್ತೆ ಏಕೆ ಮಾಡಿಲ್ಲ’ ಎಂದು ಕೇಳಿದರೆ ಅದು ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. ‘ಇಂಥ ತಾರೀಖಿನ, ಇಂಥ ಆವಕ ಸಂಖ್ಯೆಯ ಅರ್ಜಿಯ ಕಡತದಲ್ಲಿರುವ ಟಿಪ್ಪಣಿ ಹಾಳೆಗಳು ಮತ್ತು ಸ್ಥಳ ಪರಿಶೀಲನಾ ವರದಿಯ ಪ್ರತಿ ಕೊಡಿ’ ಎಂದು ಕೇಳಿ. ಟಿಪ್ಪಣಿ ಹಾಳೆಯಲ್ಲಿ ಯಾವ ಮೇಜಿನಲ್ಲಿ, ಯಾವ ಆಕ್ಷೇಪಕ್ಕೆ ಕಡತ ನಿಂತಿದೆ ಎಂಬುದು ಬರೆದಿರುತ್ತದೆ, ಮುಂದಿನ ಅರ್ಜಿಯಲ್ಲಿ ಆ ಆಕ್ಷೇಪಕ್ಕೆ ನೇರ ಉತ್ತರ ಕೊಡಬಹುದು. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಲ್ಲಿಂದ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಕಾಮಗಾರಿ ಮಂಜೂರಾದ ಮೇಲೆ ಅಂದಾಜು ಪಟ್ಟಿ ಮತ್ತು ಕಾರ್ಯಾದೇಶದ ಪ್ರತಿಯನ್ನು ಊರಿನ ಕಡತಕ್ಕೆ ಸೇರಿಸಿ. ಅದರಲ್ಲಿ ಎಷ್ಟು ಮೋರಿ, ಎಷ್ಟು ಉದ್ದದ ಚರಂಡಿ ಎಂದು ಬರೆದಿರುತ್ತದೆ. ಕೆಲಸ ನಡೆಯುವಾಗ ಊರಿನ ಇಬ್ಬರು ಅದನ್ನು ಕೈಯಲ್ಲಿ ಹಿಡಿದು ಸ್ಥಳದಲ್ಲಿರಬೇಕು, ಏಕೆಂದರೆ ಮಲೆನಾಡಿನ ರಸ್ತೆಯ ಆಯುಸ್ಸು ನೀರು ಪಕ್ಕಕ್ಕೆ ಹೋಗುವುದರಲ್ಲಿದೆ. ಮೊದಲ ಮಳೆ ಬಿದ್ದ ದಿನ ಹಾರೆ, ಗುದ್ದಲಿ ಹಿಡಿದು ದಾರಿಯುದ್ದಕ್ಕೂ ಒಮ್ಮೆ ನಡೆಯಿರಿ. ಮೋರಿಯ ಬಾಯಿಗೆ ತರಗೆಲೆ ಕಟ್ಟಿದ್ದರೆ ತೆಗೆಯಿರಿ, ನೀರು ರಸ್ತೆಗೆ ಅಡ್ಡ ಹರಿದ ಜಾಗಗಳ ಫೋಟೋ ತೆಗೆದು ಅದೇ ವಾರ ಎಂಜಿನಿಯರಿಗೆ ಕೊಡಿ.